ಕುದುರೆ ಸವಾರನ ಕಂಚಿನ ನಾಣ್ಯ: ಕೊಳ್ಳುವ ಮುಂಚೆ ಏನು ನೋಡಬೇಕು?

ಪ್ರಶ್ನೆ: ಕೆಲಸದ ಮೇಲೆ ಮ್ಯಾಡ್ರಿಡ್‌ನಲ್ಲಿದ್ದೇನೆ. ಪ್ಲಾಜಾ ಮಾಯೋರ್‌ನ ಭಾನುವಾರದ ಸಂತೆಯಲ್ಲಿ ಸೆಲ್ಟಿಬೇರಿಯನ್ (ರೋಮನ್ನರಿಗೂ ಮುಂಚಿನಿಂದ ಸ್ಪೇನಿನ ಒಳನಾಡಿನಲ್ಲಿದ್ದ ಜನರ) ಕಂಚಿನ ನಾಣ್ಯಗಳನ್ನು ನೋಡಿದೆ. ಒಂದು ಬದಿ ಗಂಡಸಿನ ತಲೆ, ಇನ್ನೊಂದು ಬದಿ ಈಟಿ ಹಿಡಿದ ಸವಾರ. ಎಲ್ಲವೂ ಒಂದೇ ತರಹ! ಯಾವುದನ್ನು ಆರಿಸಲಿ? ಬೆಂಗಳೂರಿಗೆ ಬರುವಾಗ ತರಬಹುದಾ?

ಉತ್ತರ 1: ಸವಾರನನ್ನು ಬಿಡಿ, ಕುದುರೆಯ ಕಾಲ ಕೆಳಗಿನ ಬರಹ ನೋಡಿ. ಯಾವ ಊರಿನ ನಾಣ್ಯ ಅಂತ ಅದೇ ಹೇಳುತ್ತದೆ. ರೋಮನ್ನರ ಹಿಡಿತ ಬಂದ ಮೇಲೂ ಸೆಕೈಸಾ, ಬಿಲ್ಬಿಲಿಸ್, ತುರಿಯಾಸು ಮುಂತಾದ ಊರುಗಳು ತಮ್ಮ ಹೆಸರನ್ನು ತಮ್ಮ ಲಿಪಿಯಲ್ಲೇ ಹಾಕಿ ನಾಣ್ಯ ಹೊಡೆಸಿದವು. ಆ ಲಿಪಿ ನಮಗೆ ಅಷ್ಟೇನೂ ಕಷ್ಟ ಅಲ್ಲ. ಕ, ತ, ಬ ತರಹದ ಸದ್ದುಗಳಿಗೆ ಸ್ವರ ಸೇರಿಸಿಯೇ ಒಂದು ಅಕ್ಷರ. ಉಳಿದವಕ್ಕೆ ವ್ಯಂಜನ ಬೇರೆ, ಸ್ವರ ಬೇರೆ. ಸೆಕೈಸಾ ಅಂದರೆ ಸ್-ಎ-ಕ-ಇ-ಸ್-ಅ, ಆರು ಗುರುತು ಅಷ್ಟೇ. ಅಕ್ಷರಪಟ್ಟಿಯನ್ನು ಫೋನಿನಲ್ಲಿ ಇಟ್ಟುಕೊಂಡೇ ನಾನು ಸಂತೆಗೆ ಹೋಗುತ್ತೇನೆ. ಸವಾರ ಎಷ್ಟೇ ಚೆನ್ನಾಗಿರಲಿ, ಬರಹ ಸವೆದಿದ್ದರೆ ಕೊಳ್ಳುವುದಿಲ್ಲ. ಅಂದಹಾಗೆ, ಇದೇ ಸೆಕೈಸಾ ಊರನ್ನು ಬೆಳೆಸಿ ಹೊಸ ಕೋಟೆಗೋಡೆ ಕಟ್ಟಲು ಹೊರಟಾಗಲೇ ರೋಮ್ ಕೆರಳಿದ್ದು. ಕ್ರಿ.ಪೂ. 153ರಲ್ಲಿ ದಂಡೆತ್ತಿ ಬಂತು.

ಉತ್ತರ 2: ನನ್ನ ಓಟು ಬಿಲ್ಬಿಲಿಸ್‌ಗೆ. ಹಳೆಯದರಲ್ಲಿ ಊರಿನ ಲಿಪಿ. ರೋಮ್ ಚಕ್ರವರ್ತಿ ಆಗಸ್ಟಸ್ ಕಾಲದ್ದರಲ್ಲಿ ಅವನದೇ ತಲೆ, ಲ್ಯಾಟಿನ್ ಅಕ್ಷರ, ಆದರೂ ಸವಾರ ಹಾಗೇ ಇದ್ದಾನೆ! ಕ್ರಿ.ಶ. 31ರದ್ದು ಇನ್ನೂ ಮಜಾ. ಆಗಸ್ಟಸ್ ನಂತರದ ಚಕ್ರವರ್ತಿ ಟಿಬೇರಿಯಸ್ ಜೊತೆ ಕಾನ್ಸಲ್ (ರೋಮಿನ ದೊಡ್ಡ ಅಧಿಕಾರಿ) ಆಗಿದ್ದ ಸೆಜಾನಸ್‌ನ ಹೆಸರು ಅದರಲ್ಲಿದೆ. ಅದೇ ವರ್ಷ ಅವನನ್ನು ಕೊಂದರು. ಆಮೇಲೆ ಕೆಲವು ನಾಣ್ಯಗಳಲ್ಲಿ ಹೆಸರನ್ನು ಕೆರೆದು ಹಾಕಿದ್ದಾರೆ. ನನಗೆ ಬೇಕಾದದ್ದು ಆ ಕೆರೆದದ್ದೇ, ಇನ್ನೂ ಸಿಕ್ಕಿಲ್ಲ.

ಉತ್ತರ 3: ಕೊಂಡ ಮೇಲೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ದಮ್ಮಯ್ಯ! ಗಟ್ಟಿಯಾಗಿ ಕೂತ ಕಡುಹಸಿರು ಇರಲಿ, ಅದು ನಾಣ್ಯವನ್ನು ಕಾಯುತ್ತದೆ. ಬೆರಳಿಗೆ ಪುಡಿಯಾಗಿ ಹತ್ತುವ ತಿಳಿಹಸಿರು ಕಿಲುಬು ಕಂಡರೆ ಮಾತ್ರ ಬೇಡ. ಅದು ಕಂಚನ್ನು ತಿನ್ನುತ್ತಲೇ ಹೋಗುತ್ತದೆ. ಸವೆತವೂ ಚುಕ್ಕೆಯೂ ಎರಡರಲ್ಲೂ ಅದದೇ ಜಾಗದಲ್ಲಿರುವ ಎರಡು ನಾಣ್ಯ ಒಂದೇ ತಟ್ಟೆಯಲ್ಲಿ ಕಂಡರೆ ಎರಕದ ನಕಲಿ ಅಂತಲೇ ತಿಳಿಯಿರಿ.

ತರುವ ವಿಷಯ: ಸ್ಪೇನಿನ 1985ರ ಕಾನೂನಿನಂತೆ 100 ವರ್ಷ ಮೀರಿದ ಇಂಥ ವಸ್ತುವನ್ನು ಹೊರಗೆ ಒಯ್ಯಲು ಅನುಮತಿ ಬೇಕು. ನೆಲದಲ್ಲಿ ಸಿಕ್ಕ ಪುರಾತನ ವಸ್ತು ಸರ್ಕಾರದ್ದು. ಹಾಗಾಗಿ ಬಿಲ್ಲು ಮತ್ತು ನಾಣ್ಯ ಯಾರ ಕೈಯಿಂದ ಬಂತು ಅನ್ನುವ ಕಾಗದ, ಎರಡನ್ನೂ ಕೇಳಿ. "ಹೊಲದಲ್ಲಿ ಸಿಕ್ಕಿತು" ಅಂದರೆ ಸುಮ್ನೆ ಎದ್ದು ಬನ್ನಿ.