ಕೆರೆಯಿಂದ ದೂರ, ಕಾಡಿನೊಳಗೆ ಕಂಡ ಈ ನೀರುಕೋಳಿ ಯಾವುದು?

ಚಿಲುಮೆದಾರಿ, ತುಮಕೂರು

ಎಲ್ಲರಿಗೂ ನಮಸ್ಕಾರ. ಮಳೆ ಬಿಡುವು ಕೊಟ್ಟಿದ್ದ ಒಂದು ಸಂಜೆ ದೇವರಾಯನದುರ್ಗದ ಕಾಡಿನಲ್ಲಿ, ರಸ್ತೆಯ ಪಕ್ಕದ ಪೊದೆಯಡಿ ತರಗೆಲೆಗಳನ್ನು ಕೊಕ್ಕಿನಿಂದ ಸರಿಸುತ್ತ ಮೇಯುತ್ತಿದ್ದ ಹಕ್ಕಿಯೊಂದನ್ನು ಕಂಡೆ. ತಲೆ ಮತ್ತು ಎದೆ ಇಟ್ಟಿಗೆಗೆಂಪು, ಗಂಟಲು ಬಿಳಿ, ಹೊಟ್ಟೆಯ ತುಂಬ ಕಪ್ಪು ಬಿಳುಪಿನ ಅಡ್ಡಪಟ್ಟೆಗಳು. ಹುಂಡುಕೋಳಿಯನ್ನು ಕೆರೆಯಂಗಳದಲ್ಲಿ ದಿನವೂ ನೋಡುವವನಾದ್ದರಿಂದ ಇದು ಅದಲ್ಲವೆಂಬುದು ಖಚಿತ. ಹತ್ತಿರದಲ್ಲಿ ನೀರೂ ಇರಲಿಲ್ಲ. ಕಾಡಿನಲ್ಲಿಯೇ ಬದುಕುವ ರೈಲ್ (ನೀರುಕೋಳಿ ಬಳಗದ) ಹಕ್ಕಿಗಳ ಕುಲವೊಂದಿದೆ ಎಂದು ಓದಿದ್ದೇನೆ. ಆ ಕುಲದ ಹಕ್ಕಿ ನಮ್ಮ ಕಡೆ ಕಾಣಸಿಗಬಹುದೇ?

ನಂದಿತಪ್ಪಲು, ಚಿಕ್ಕಬಳ್ಳಾಪುರ

ಖಂಡಿತ ಸಿಗಬಹುದು ಸರ್. ನಿಮ್ಮ ವಿವರಣೆ ರಾಲಿನಾ ಕುಲದ ಸ್ಲೇಟಿ-ಲೆಗ್ಡ್ ಕ್ರೇಕ್ (ಬೂದುಗಾಲಿನ ನೀರುಕೋಳಿ) ಹಕ್ಕಿಗೆ ಹೊಂದುತ್ತದೆ. ಜಾರ್ಜ್ ರಾಬರ್ಟ್ ಗ್ರೇ 1846ರಲ್ಲಿ ಹೆಸರಿಸಿದ ಈ ಕುಲದಲ್ಲಿ 4 ಪ್ರಭೇದಗಳಿವೆ. ಅಂಡಮಾನ್ ಕ್ರೇಕ್ ಆ ದ್ವೀಪಗಳನ್ನು ಬಿಟ್ಟು ಬೇರೆಲ್ಲೂ ಇಲ್ಲ. ಕೆಂಪುಗಾಲಿನದು ಆಗ್ನೇಯ ಏಷ್ಯಾದ ಕಡೆಯದು. ಕೆಂಪು ಕತ್ತಿನದು ನ್ಯೂಗಿನಿ ಮತ್ತು ಈಶಾನ್ಯ ಆಸ್ಟ್ರೇಲಿಯಾದ ಮಳೆಕಾಡುಗಳದು. ದಕ್ಷಿಣ ಭಾರತದಲ್ಲಿ ನಾವು ನಿರೀಕ್ಷಿಸಬಹುದಾದದ್ದು ಸ್ಲೇಟಿ-ಲೆಗ್ಡ್ ಮಾತ್ರ. ಅದು ಮಳೆಗಾಲದಲ್ಲಿ ಮರಗಿಡ ದಟ್ಟವಾಗಿರುವ ಕಡೆ, ನೆಲದಿಂದ ಸ್ವಲ್ಪ ಮೇಲೆ ಪೊದೆಯಲ್ಲೋ ಬಿದಿರುಮೆಳೆಯಲ್ಲೋ ಗೂಡು ಕಟ್ಟುತ್ತದೆ. ಚಳಿಗಾಲಕ್ಕೆ ಅನೇಕ ಹಕ್ಕಿಗಳು ಶ್ರೀಲಂಕೆಗೆ ವಲಸೆ ಹೋಗುತ್ತವೆ. ಈ ಪ್ರಯಾಣ ನಡೆಯುವುದು ರಾತ್ರಿಯಲ್ಲಾದ್ದರಿಂದ, ಬಳಲಿದ ಹಕ್ಕಿಗಳು ಮನೆಯ ತೋಟಗಳಲ್ಲಿ ಇಳಿದು ಸಿಕ್ಕಿಬಿದ್ದದ್ದೂ ಉಂಟು.

ಆದರೆ ಕಾಲಿನ ಬಣ್ಣ ಹೇಳದೆ ತೀರ್ಮಾನಕ್ಕೆ ಬರಬೇಡಿ. ಜೊಂಡಿನ ನಡುವೆ ಬದುಕುವ ರಡಿ-ಬ್ರೆಸ್ಟೆಡ್ ಕ್ರೇಕ್ ಕೂಡ ಇಟ್ಟಿಗೆಗೆಂಪು ಎದೆಯದೇ. ಅದರ ಕಾಲು ಕೆಂಪು, ಹೊಟ್ಟೆಯ ಪಟ್ಟೆಗಳು ಹಿಂಭಾಗದಲ್ಲಿ ಮಾತ್ರ, ಅವೂ ಮಸುಕು.

ಚಿಲುಮೆದಾರಿ, ತುಮಕೂರು

ಕಾಲು ಬೂದುಬಣ್ಣದ್ದು, ಕೆಂಪಿನ ಸುಳಿವೇ ಇರಲಿಲ್ಲ. ನಾನು ಹೆಜ್ಜೆ ಇಟ್ಟೊಡನೆ ಹಕ್ಕಿ ಓಡಿಹೋಗದೆ ಹಾರಿ ತಗ್ಗಿನ ಕೊಂಬೆಯ ಮೇಲೆ ಕುಳಿತಿತು.

ಬಿದಿರುಮೆಳೆ, ಕೋಲಾರ

ಗಾಬರಿಯಾದಾಗ ಮರವೇರುವುದು ಸ್ಲೇಟಿ-ಲೆಗ್ಡ್ ಹಕ್ಕಿಯ ಅಭ್ಯಾಸವೇ, ಆದ್ದರಿಂದ ಗುರುತು ಸರಿಯೆಂದೇ ನನ್ನ ಅಭಿಪ್ರಾಯ. ನೀವು ಓದಿದ ಕುಲ ಮಾತ್ರ ಬಹುಶಃ ರಾಲಿಕ್ಯುಲಾ ಇರಬೇಕು. ಅದರ 4 ಪ್ರಭೇದಗಳೂ ನ್ಯೂಗಿನಿಯ ಬೆಟ್ಟದ ಕಾಡುಗಳಿಗೆ ಸೀಮಿತ. ಅವುಗಳನ್ನು ಹಿಂದೆ ರಾಲಿನಾದೊಳಗೇ ಸೇರಿಸುತ್ತಿದ್ದರು. ಈಗ ಆಫ್ರಿಕಾದ ಫ್ಲಫ್‌ಟೇಲ್ ಹಕ್ಕಿಗಳು ಹಾಗೂ ಮಡಗಾಸ್ಕರಿನ ಮೆಂಟೋಕ್ರೆಕ್ಸ್ ಕುಲದೊಂದಿಗೆ ಸರೋತ್ರೂರಿಡೇ ಎಂಬ ಬೇರೆ ಕುಟುಂಬದಲ್ಲಿ ಇಡುತ್ತಾರೆ. ಮೆಂಟೋಕ್ರೆಕ್ಸ್‌ನ ಎರಡನೆಯ ಪ್ರಭೇದವನ್ನು ಸುಣ್ಣಕಲ್ಲಿನ ಚೂಪು ಬಂಡೆಗಳ ಬೇಯಾಂಕಾ ಕಾಡಿನಿಂದ ವಿವರಿಸಿದ್ದು 2011ರಲ್ಲಿ ಎಂಬುದನ್ನು ನೋಡಿದರೆ, ಈ ನೆಲವಾಸಿಗಳು ಎಷ್ಟು ಗುಟ್ಟಾಗಿ ಬದುಕುತ್ತವೆಂದು ತಿಳಿಯುತ್ತದೆ.

ನೀವು ನೋಡಿದ್ದನ್ನು ಕಾಲಿನ ಬಣ್ಣ, ಪಟ್ಟೆಗಳ ಹರವು, ಜಾಗ ಮತ್ತು ದಿನಾಂಕದೊಂದಿಗೆ ಹಕ್ಕಿ ನೋಡಿದವರು ದಾಖಲೆ ಸೇರಿಸುವ ಇ-ಬರ್ಡ್ ಜಾಲತಾಣದಲ್ಲಿ ದಾಖಲಿಸಿ. ಮತ್ತೆ ಹೋದಾಗ ಮೊಬೈಲಿನಲ್ಲಿ ಅದರ ಕೂಗನ್ನು ಹಾಕಿ ಕರೆಯಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಮಳೆಗಾಲ ಅದು ಮೊಟ್ಟೆ ಮರಿ ಮಾಡುವ ಕಾಲ. ಕತ್ತಲಾದ ಮೇಲೆ ಅದು ತಾನಾಗಿಯೇ ಕೆಕ್-ಕೆಕ್ ಎಂದು ಬಹಳ ಹೊತ್ತು ಕೂಗುತ್ತದೆ, ರಸ್ತೆಯಲ್ಲೇ ನಿಂತು ಕೇಳಬಹುದು.