ಮಹಡಿಗೆರಡು ಡ್ರಮ್ ಇದ್ದರೂ ಕಸ ನೆಲದ ಮೇಲೇ. ದಂಡ ಹಾಕಬಹುದೆ?

ಪ್ರಶ್ನೆ (ಅಪಾರ್ಟ್‌ಮೆಂಟ್ ಸಮಿತಿ, ಬೆಂಗಳೂರು)

48 ಮನೆ, ನಾಲ್ಕು ಮಹಡಿ. ಲಿಫ್ಟ್ ಪಕ್ಕ ಹಸಿ, ಒಣ ಎಂದು ಎರಡು ಡ್ರಮ್ ಇಟ್ಟಿದ್ದೇವೆ. ಎಲ್ಲವನ್ನೂ ಒಂದೇ ಕವರಿನಲ್ಲಿ ಗಂಟು ಕಟ್ಟಿ ತಂದಿಡುತ್ತಾರೆ, ಒಳಗೆ ಡಯಾಪರ್ ಕೂಡ. ರಾತ್ರಿ ಹೆಗ್ಗಣ ಕವರ್ ಹರಿದು, ಸಾರಿನ ನೀರು ಮೆಟ್ಟಿಲವರೆಗೂ ಹರಿದಿರುತ್ತದೆ. ಬಾತ್‌ರೂಮ್ ಕಿಟಕಿಯಿಂದ ಡಕ್ಟ್‌ಗೂ (ಪೈಪುಗಳು ಇಳಿಯುವ ಕಿರು ಸಂದಿಗೂ) ಎಸೆಯುತ್ತಾರೆ. ಯಾರೆಂದು ತಿಳಿಯುತ್ತಿಲ್ಲ.

ಉತ್ತರ 1

ಮೊದಲು ಆ ಡ್ರಮ್‌ಗಳನ್ನೇ ತೆಗೆಯಿರಿ. ಡ್ರಮ್ಮಿಗೆ ಬಿದ್ದ ಕವರಿಗೆ ಮನೆ ನಂಬರ್ ಇರುವುದಿಲ್ಲ, ನಿಮ್ಮ ತೊಂದರೆಯ ಬೇರು ಅಲ್ಲೇ ಇದೆ. ಒಂದು ವಾರ ಮೊದಲೇ ನೋಟಿಸ್ ಹಾಕಿ, ಬೆಳಿಗ್ಗೆ 7ರಿಂದ 9ರವರೆಗೆ ಬಾಗಿಲಲ್ಲೇ ಕಸ ತೆಗೆದುಕೊಳ್ಳಿ. ಹಸಿ ಕಸಕ್ಕೆ 8–10 ಲೀಟರಿನ ಮುಚ್ಚಳದ ಹಸಿರು ಬಕೆಟ್, ಮೇಲೆ ಪೇಂಟಿನಲ್ಲಿ ಮನೆ ನಂಬರ್. ಒಳಗೆ ಕವರ್ ಬೇಡ, ತಳಕ್ಕೆ ಹಳೇ ಪೇಪರ್ ಹಾಸಿದರೆ ಅಂಟುವುದಿಲ್ಲ. ಒಣ ಕಸಕ್ಕೆ ಚೀಲ. ಪ್ಯಾಡ್, ಡಯಾಪರನ್ನು ಪೇಪರಿನಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಕೆಂಪು ಬಕೆಟ್ಟಿಗೆ. ಬೇಗ ಕೆಲಸಕ್ಕೆ ಹೋಗುವವರು ಬಕೆಟ್ ಮುಚ್ಚಿ ಬಾಗಿಲಾಚೆ ಇಟ್ಟು ಹೋಗಲಿ.

ಹೌಸ್‌ಕೀಪಿಂಗ್‌ನವರು ಬೆರೆತ ಕಸ ಕಂಡರೆ ಮನೆ ನಂಬರಿನ ಎದುರು ಗುರುತು ಹಾಕಿದರೆ ಸಾಕು, ಜಗಳಕ್ಕೆ ಇಳಿಯಬಾರದು. ಸಂಜೆ ಸಮಿತಿಯವರು ಆ ಮನೆಗೆ ಹೋಗಿ ಬಕೆಟ್ ಮುಂದಿಟ್ಟುಕೊಂಡು ತೋರಿಸಿ. ಎಷ್ಟೋ ಮನೆಗಳಲ್ಲಿ ಕಸ ಹೊರಗಿಡುವವರು ಕೆಲಸದವರು, ಅಡುಗೆಯವರು. ಅವರಿಗೆ ಅವರ ಭಾಷೆಯಲ್ಲೇ ಹೇಳಬೇಕು. ವಾಟ್ಸಾಪ್ ಗುಂಪಿಗೆ ಫೋಟೊ ಹಾಕಬೇಡಿ. ಅವಮಾನವಾದವರು ಮಾರನೇ ದಿನದಿಂದ ಕವರನ್ನು ರಸ್ತೆ ತಿರುವಿನಲ್ಲಿ ಎಸೆದು ಹೋಗುತ್ತಾರೆ.

ಉತ್ತರ 2

ಮೇಲಿನದಕ್ಕೆ ಒಂದು ಸೇರಿಸುತ್ತೇನೆ: ನಿಮ್ಮ ತಳ್ಳುಗಾಡಿ ನೋಡಿ. ಅದರಲ್ಲಿ ಮೂರು ಡ್ರಮ್ ಇಲ್ಲದಿದ್ದರೆ ಬೇರೆ ಮಾಡಿ ಕೊಟ್ಟ ಕಸವೂ ಕೆಳಗೆ ಬರುವಷ್ಟರಲ್ಲಿ ಒಂದಾಗಿರುತ್ತದೆ. ಅದನ್ನು ಒಮ್ಮೆ ಕಂಡವರು ಮತ್ತೆಂದೂ ಬೇರೆ ಮಾಡುವುದಿಲ್ಲ.

ದಂಡ ಕೊನೆಗೆ. ಮನೆಯಲ್ಲೇ ಕಸ ಬೇರೆ ಮಾಡಿ ಕೊಡುವುದನ್ನು ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಕಡ್ಡಾಯ ಮಾಡಿವೆ, ನೋಟಿಸಿನಲ್ಲಿ ಅದನ್ನು ಬರೆಯಿರಿ. ಮೊತ್ತ ಎಷ್ಟೆಂದು ಸರ್ವಸದಸ್ಯರ ಸಭೆಯಲ್ಲಿ ಒಪ್ಪಿ ನಡಾವಳಿಯಲ್ಲಿ ದಾಖಲಿಸಿರಬೇಕು. ಇಲ್ಲದಿದ್ದರೆ ಯಾರೂ ಕಟ್ಟುವುದಿಲ್ಲ. ಬಾಡಿಗೆಯವರ ಮನೆಯಾದರೆ ಮಾಲೀಕರಿಗೂ ಪತ್ರ ಹೋಗಲಿ.

ಗಾಜಿನ ಚೂರನ್ನು ರಟ್ಟಿನಲ್ಲಿ ಸುತ್ತಿ ಟೇಪ್ ಹಾಕಿ ‘ಗಾಜು’ ಎಂದು ಬರೆಯಬೇಕು. ಬ್ಲೇಡು, ಸೂಜಿ ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ. ಕಸ ವಿಂಗಡಿಸುವವರ ಬೆರಳು ಕುಯ್ಯುವುದು ಇವುಗಳಿಂದಲೇ. ದಯವಿಟ್ಟು ಇದರಲ್ಲಿ ಮಾತ್ರ ಯಾರಿಗೂ ಸಡಿಲ ಕೊಡಬೇಡಿ.

ಉತ್ತರ 3

ಡಕ್ಟ್‌ಗೆ ಬುದ್ಧಿಮಾತು ನಾಟುವುದಿಲ್ಲ. ಡಕ್ಟ್ ಕಡೆಯ ಬಾತ್‌ರೂಮ್ ಕಿಟಕಿಗಳಿಗೆಲ್ಲ ಸ್ಕ್ರೂ ಹಾಕಿ ಸ್ಟೀಲ್ ಸೊಳ್ಳೆಮೆಶ್ ಕೂರಿಸಿ, ಖರ್ಚು ಸಂಘದ್ದಾಗಲಿ. ಎಸೆಯಲು ಸಂದಿಯೇ ಇರಬಾರದು. ಮಳೆಗಾಲಕ್ಕೆ ಮುಂಚೆ ಡಕ್ಟ್ ತಳ ಗುಡಿಸಿ, ಮಳೆನೀರಿನ ಬಾಯಿಗೆ ಜಾಲರಿ ಹಾಕಿ. ಶಾಂಪೂ ಸ್ಯಾಷೆ, ಹಾಲಿನ ಕವರಿನ ಮೂಲೆ, ಕೂದಲು ಸೇರಿ ಕಟ್ಟಿಕೊಂಡರೆ ನೀರು ನೆಲಮಹಡಿಯವರ ಬಾತ್‌ರೂಮಿಗೆ ತಿರುಗುತ್ತದೆ. ಹಾಲಿನ ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸದೆ, ಸೀಳಿ ತೊಳೆದು ಒಣಗಿಸಿ ಕೊಡುವಂತೆ ಹೇಳಿ.

ಪ್ರಶ್ನೆ ಕೇಳಿದವರು

ಮುಂದಿನ ಸೋಮವಾರ ಡ್ರಮ್ ತೆಗೆಯುತ್ತೇವೆ. ಹಸಿ ಕಸವನ್ನು ಇಲ್ಲೇ ಗೊಬ್ಬರ ಮಾಡಬಹುದೆ?

ಉತ್ತರ 1

ಎರಡು ವಾರ ಶುದ್ಧ ಹಸಿ ಕಸ ಬರುವುದು ಖಾತ್ರಿಯಾದ ಮೇಲೆ ಶುರು ಮಾಡಿ. ಒಂದು ಬಕೆಟ್ ಹಸಿ ಕಸಕ್ಕೆ ಅಷ್ಟೇ ಒಣ ಎಲೆಯ ಪುಡಿ, ಇಲ್ಲವೇ ಅರ್ಧ ಬಕೆಟ್ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ವಾರಕ್ಕೆರಡು ಸಲ ಮಗುಚಬೇಕು. ಹಿಡಿಯಷ್ಟು ತೆಗೆದು ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಹುಳಿ ನಾತ ಬಂದರೆ ನೀರು ಹೆಚ್ಚಾಗಿ ಗಾಳಿ ಆಡುತ್ತಿಲ್ಲವೆಂದು ಅರ್ಥ, ಒಣ ಎಲೆ ಹೆಚ್ಚಿಸಿ. ಎಳನೀರಿನ ಬುರುಡೆ ಬೇಗ ಕೊಳೆಯುವುದಿಲ್ಲ, ಅದನ್ನು ಬೇರೆಯೇ ಇಡಿ. ಆಯುಧಪೂಜೆಯ ಮಾರನೇ ದಿನ ಬಾಳೆಕಂದು, ಬೂದುಗುಂಬಳ ರಾಶಿ ಬೀಳುತ್ತದೆ. ಅಂದು ಕಂದು ಕೊಚ್ಚಲು ಒಬ್ಬರನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಕುಂಬಳದೊಳಗಿನ ನಾಣ್ಯ, ಹಾರದ ದಾರ ತೆಗೆದೇ ಗೊಬ್ಬರಕ್ಕೆ ಹಾಕಿ.