ಸಹಾಯ ಬೇಕು: ಕಾರ್ಮಿಕ ಸಂಘದ ಸದಸ್ಯರಲ್ಲದವರನ್ನು ಕೇಳಬೇಕಿಲ್ವಾ?

ನಮಸ್ಕಾರ. ಕಾರವಾರದ ಹತ್ತಿರ ಒಂದು ಸಾರ್ವಜನಿಕ ವಲಯದ ಘಟಕದಲ್ಲಿ ನನ್ನ ಕೆಲಸ. ಸುಮಾರು 140 ಜನ ಇದ್ದೇವೆ. ಅರ್ಧದಷ್ಟು ಜನ ಸಂಘದಲ್ಲಿಲ್ಲ, ನಾನೂ ಅವರಲ್ಲೊಬ್ಬ.

ಕಳೆದ ವಾರ ಮೇಲಿನವರು ಸಂಘದ ಪದಾಧಿಕಾರಿಗಳನ್ನು ಮಾತ್ರ ಕರೆಸಿ ಪಾಳಿಯ ಸಮಯ ಬದಲಿಸುವ ಮಾತಾಡಿದ್ದಾರೆ. ನಮಗೆ ಗೊತ್ತಾಗಿದ್ದು ಚಾ ಕುಡಿಯುವಾಗ! ಹೊಸ ಪಾಳಿ ರಾತ್ರಿ 10ಕ್ಕೆ ಮುಗಿದರೆ ಅಂಕೋಲೆ ಕಡೆಯವರಿಗೆ ಬಸ್ಸೇ ಇರುವುದಿಲ್ಲ. ಸಂಘದವರ ಮೇಲೆ ಸಿಟ್ಟಿಲ್ಲ, ಅವರು ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದಾರೆ ಅಷ್ಟೆ.

ನಾನು ಓದಿದ್ದು ಇಷ್ಟು. 1947ರ ಕೈಗಾರಿಕಾ ವಿವಾದ ಕಾಯ್ದೆಯ 9ಎ ಕಲಂ ಪ್ರಕಾರ ಪಾಳಿಯಂಥ ಬದಲಾವಣೆಗೆ 21 ದಿನ ಮೊದಲೇ ನೋಟಿಸ್ ಕೊಡಬೇಕಿತ್ತು. ಅದು ಬರೀ ಸಂಘಕ್ಕಲ್ಲ, ಬದಲಾವಣೆ ತಟ್ಟುವ ಕಾರ್ಮಿಕರಿಗೆ. ಈಗ ಅದರ ಬದಲು ಜಾರಿಯಲ್ಲಿರುವ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಅದೇ 21 ದಿನ. 100 ಅಥವಾ ಜಾಸ್ತಿ ಜನ ಇದ್ದಲ್ಲಿ ಕಾರ್ಯ ಸಮಿತಿ (ಆಡಳಿತದವರು, ಕಾರ್ಮಿಕರು ಸೇರಿ ಕೂರುವ ಸಮಿತಿ) ಮಾಡಲು ಸರ್ಕಾರ ಆದೇಶಿಸಬಹುದು. ಅದರಲ್ಲಿ ಕಾರ್ಮಿಕರ ಪ್ರತಿನಿಧಿಗಳು ಆಡಳಿತದವರಿಗಿಂತ ಕಡಿಮೆ ಇರುವಂತಿಲ್ಲ.

ನಮ್ಮಲ್ಲಿ ಆ ಸಮಿತಿಯೇ ಇಲ್ಲ. ಇಲ್ಲಿ ಯಾರಾದರೂ ಅಂಥ ಸಮಿತಿಯಲ್ಲಿ ಕೂತವರಿದ್ದೀರಾ? ಸದಸ್ಯರಲ್ಲದವರ ಪ್ರತಿನಿಧಿಯನ್ನು ಹೇಗೆ ಆರಿಸಿದಿರಿ? ನಾವು ಎಲ್ಲರೂ ಸಹಿ ಹಾಕಿ ಅರ್ಜಿ ಕೊಟ್ಟರೆ ಸಾಕಾ, ಕಾರ್ಮಿಕ ಇಲಾಖೆಗೂ ಪ್ರತಿ ಕಳಿಸಬೇಕಾ? ಅರ್ಜಿಯ ನಮೂನೆ ಇದ್ದರೆ ದಯವಿಟ್ಟು ಹಾಕಿ.